ಫೋನ್ ತೋರಿಸಿ ಷರತ್ತು ಹೇಳಬೇಡಿ

ನಮಸ್ಕಾರ. ಇವತ್ತು ಬೇರೆ ವಿಷಯ ಇಟ್ಟುಕೊಂಡಿದ್ದೆ. ಆದರೆ ಹೋದ ವಾರದ ಸಂಚಿಕೆಯ ಕೆಳಗೆ ಬಂದ ಒಂದು ಕಾಮೆಂಟ್ ಮೂರು ದಿನದಿಂದ ತಲೆಯಲ್ಲಿ ಕೂತಿದೆ. ಅದನ್ನು ಇಳಿಸದೆ ಮುಂದಕ್ಕೆ ಹೋಗಲು ಮನಸ್ಸೇ ಬರುತ್ತಿಲ್ಲ.

ಹೋದ ವಾರ, ಶಿಕ್ಷೆಯಾದವರು ಎಲ್ಲಿದ್ದಾರೆ ಅಂತ ತಿಳಿಯಲು ಕಾಲಿಗೆ ಕಟ್ಟುವ ಜಿಪಿಎಸ್ ಪಟ್ಟಿಯ ಬಗ್ಗೆ ಮಾತಾಡಿದ್ದೆ. ನೋಡಿಲ್ಲದವರು ನೋಡಿ, ಲಿಂಕ್ ಕೆಳಗಿದೆ. ಅದರಲ್ಲಿ ನಾನು ಸ್ಪ್ಯಾನಿಷ್ ಬರುವ ಆಫೀಸರ್ ಅಂತ ಹೇಳಿದ್ದೆ. ಒಬ್ಬರು ಬರೆದಿದ್ದಾರೆ: "ಮೇಡಂ, ಈಗ ಎಲ್ಲರ ಫೋನಲ್ಲೂ ಟ್ರಾನ್ಸ್‌ಲೇಟ್ ಇದೆ. ಇದಕ್ಕೆ ಅಂತಲೇ ಬೇರೆ ಆಫೀಸರ್ ಯಾಕೆ? ಸುಮ್ನೆ ಸರ್ಕಾರದ ದುಡ್ಡು ದಂಡ."

ದಂಡವಂತೆ! ಸರಿ, ಮಾತಾಡೋಣ.

ಹೊಸದಾಗಿ ಬಂದವರಿಗೆ ಎರಡು ಮಾತು. ನಾನು ಹಾಸನದವಳು. ಹನ್ನೊಂದನೇ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ಅಮೆರಿಕಕ್ಕೆ ಬಂದೆ. ಸ್ಪ್ಯಾನಿಷ್ ಕಲಿತದ್ದು ಸ್ವಲ್ಪ ಶಾಲೆಯಲ್ಲಿ, ಜಾಸ್ತಿ ಕಾಲೇಜಿನ ದಿನಗಳಲ್ಲಿ ಪಾತ್ರೆ ತೊಳೆದ ಒಂದು ಹೋಟೆಲಿನ ಅಡುಗೆಮನೆಯಲ್ಲಿ. ಈಗ ಪ್ರೊಬೇಷನ್ ಮತ್ತು ಪೆರೋಲ್ ಆಫೀಸರ್. ಯಾವ ಊರು, ಯಾವ ಆಫೀಸು ಅಂತ ಹೇಳುವುದಿಲ್ಲ. ನಾನು ಹೇಳುವ ಜನರ ಗುರುತೂ ಸಿಗದ ಹಾಗೆ ಬದಲಿಸಿದ್ದೇನೆ.

ಈ ಎರಡು ಪದಗಳೇ ನಮ್ಮವರಿಗೆ ಗೊಂದಲ. ನಮ್ಮೂರಲ್ಲಿ ಪ್ರೊಬೇಷನ್ ಅಂದರೆ ಕೆಲಸ ಖಾಯಂ ಆಗುವ ಮುಂಚಿನ ಅವಧಿ. ಪೆರೋಲ್ ಅಂದರೆ ಮಗಳ ಮದುವೆಗೋ ತಾಯಿಯ ಸಾವಿಗೋ ಕೈದಿ ಕೆಲವು ದಿನ ಹೊರಗೆ ಬಂದು ವಾಪಸ್ ಒಳಗೆ ಹೋಗುವುದು. ಇಲ್ಲಿ ಹಾಗಲ್ಲ. ಜೈಲಿನ ಬದಲು ಹೊರಗೇ ಇಟ್ಟು ನಿಗಾ ಮಾಡುವುದು ಪ್ರೊಬೇಷನ್. ಶಿಕ್ಷೆಯ ಒಂದು ಭಾಗ ಜೈಲಿನಲ್ಲಿ ಕಳೆದು, ಉಳಿದದ್ದನ್ನು ಹೊರಗೆ ನಿಗಾದಲ್ಲಿ ಕಳೆಯುವುದು ಪೆರೋಲ್. ದೇಶದಲ್ಲಿ ಹೀಗೆ ನಿಗಾದಲ್ಲಿರುವವರು 35 ಲಕ್ಷಕ್ಕೂ ಜಾಸ್ತಿ. ಎಲ್ಲರ ಕೈಯಲ್ಲೂ ಷರತ್ತುಗಳ ಒಂದು ಕಾಗದ. ಕುಡಿಯಬಾರದು, ಹೇಳಿದ ದಿನ ಬಂದು ಮುಖ ತೋರಿಸಬೇಕು, ಕರೆದಾಗ ಮೂತ್ರ ಪರೀಕ್ಷೆಗೆ ಬರಬೇಕು, ಕೇಳದೆ ರಾಜ್ಯದ ಗಡಿ ದಾಟಬಾರದು. ಒಂದು ತಪ್ಪಿದರೂ ಮತ್ತೆ ಜಡ್ಜ್ ಮುಂದೆ ನಿಲ್ಲಬೇಕಾಗಬಹುದು.

ನೋಡಿ, ಒಂದೇ ಪದ, ಹಾಸನದಲ್ಲಿ ಒಂದು ಅರ್ಥ, ಇಲ್ಲಿ ಇನ್ನೊಂದು. ಇನ್ನು ಭಾಷೆಯೇ ಬೇರೆಯಾದರೆ? ನಾನು ಹೇಳುವುದು ಇಷ್ಟೇ: ಅರ್ಥವಾಗದ ಷರತ್ತನ್ನು ಯಾರೂ ಪಾಲಿಸಲಾರರು.

ಈಗ ಆ ಫೋನಿನ ಕಥೆಗೆ ಬರುತ್ತೇನೆ.

ನಾನು ಒಂದು ವಾರ ರಜೆಯಲ್ಲಿದ್ದೆ. ನನ್ನ ನಿಗಾದಲ್ಲಿದ್ದ ಒಬ್ಬ, ಮನೆಗಳಿಗೆ ಛಾವಣಿ ಹೊದಿಸುವ ಕೆಲಸದವನು, ಒಂದು ಸಲ ಬರಬೇಕಾದ ದಿನ ಬಂದಿರಲಿಲ್ಲ. ಮಾರನೇ ದಿನ ಹೆಂಡತಿ, ಪುಟ್ಟ ಮಗಳ ಜೊತೆ ತಾನಾಗಿಯೇ ಬಂದ. ನನ್ನ ಬದಲು ಕೂತಿದ್ದವರು ಒಳ್ಳೆಯವರೇ. ಆದರೆ ಸ್ಪ್ಯಾನಿಷ್ ಬಾರದು. ಷರತ್ತು ತಪ್ಪಿದ್ದಕ್ಕೆ ಇಂಗ್ಲಿಷಿನಲ್ಲಿ ವಯಲೇಷನ್ ಅನ್ನುತ್ತಾರೆ. ಅವರು "ನಿನ್ನ ಮೇಲೆ ವಯಲೇಷನ್ ಇದೆ" ಅಂತ ಫೋನಿನಲ್ಲಿ ಟೈಪ್ ಮಾಡಿ, ಬಂದ ಅನುವಾದವನ್ನು ಅವನ ಮುಂದೆ ಹಿಡಿದರು. ಪರದೆಯ ಮೇಲೆ ಇದ್ದ ಪದ "ವಿಯೊಲಾಸಿಯೋನ್".

ಸ್ಪ್ಯಾನಿಷಿನಲ್ಲಿ ಆ ಪದ ಕಿವಿಗೆ ಬಿದ್ದರೆ ಮೊದಲು ಬರುವ ಅರ್ಥ ಏನು ಗೊತ್ತಾ? ಅತ್ಯಾಚಾರ.

ಅವನು ಎರಡು ಸಲ ಓದಿದನಂತೆ. ಹೆಂಡತಿ ಬಗ್ಗಿ ಓದಿದಳು. ಓದಿ, ಪಕ್ಕದಲ್ಲಿದ್ದ ಮಗಳನ್ನು ಎಳೆದು ತನ್ನ ಆ ಕಡೆಗೆ ಕೂರಿಸಿಕೊಂಡಳು. ಇವನು ಎದ್ದು ನಿಂತು ಕೂಗಿದ, ನಾನು ಯಾರನ್ನೂ ಮುಟ್ಟಿಲ್ಲ, ಯಾರನ್ನೂ ಮುಟ್ಟಿಲ್ಲ ಅಂತ. ಎದುರು ಕೂತವರಿಗೆ ಕಂಡದ್ದು ದನಿ ಏರಿಸಿದ ಒಬ್ಬ ಗಂಡಸು. ಫೈಲಿನಲ್ಲಿ ಬರೆದರು: ಕೋಪ ಮಾಡಿಕೊಂಡ, ಸಹಕರಿಸಲಿಲ್ಲ.

ಸೋಮವಾರ ಬಂದು ಓದಿದೆ. ಫೋನ್ ಮಾಡಿದೆ. ನಾಲ್ಕು ದಿನದಿಂದ ಹೆಂಡತಿ ಅವನ ಜೊತೆ ಮಾತು ಬಿಟ್ಟಿದ್ದಳು. ಇಬ್ಬರನ್ನೂ ಕರೆಸಿ ಕೂರಿಸಿ ಹೇಳಿದೆ. ಅಲ್ಲಿ ಹೇಳಬೇಕಿದ್ದ ಮಾತು "ಇನ್‌ಕುಂಪ್ಲಿಮಿಯೆಂತೊ", ಅಂದರೆ ಹೇಳಿದ್ದನ್ನು ಪಾಲಿಸದಿರುವುದು. ಬರಬೇಕಾದ ದಿನ ನೀವು ಬರಲಿಲ್ಲ, ಅಷ್ಟೇ. ಹೆಂಡತಿ ಮುಖ ಮುಚ್ಚಿಕೊಂಡು ಅತ್ತಳು. ಇಲ್ಲೇ ತುಂಬಾ ವರ್ಷ ಇದ್ದವರು ಇಂಗ್ಲಿಷ್ ಬೆರೆಸಿ ವಿಯೊಲಾಸಿಯೋನ್ ಅಂತಲೇ ಹೇಳುವುದುಂಟು. ಆದರೆ ಈ ದಂಪತಿ ಬಂದು ಎರಡು ವರ್ಷವಾಗಿತ್ತು. ಯಾರಿಗೆ ಯಾವ ಪದ ಅಂತ ಫೋನಿಗೆ ಹೇಗೆ ಗೊತ್ತಾಗಬೇಕು?

ಇನ್ನೊಂದು ಪದ ಕೇಳಿ. "ಮೊಲೆಸ್ತಾರ್". ತೊಂದರೆ ಕೊಡುವುದು, ಕಿರಿಕಿರಿ ಮಾಡುವುದು, ಅಷ್ಟೇ. ತಂಗಿಗೆ ಕಾಟ ಕೊಡುತ್ತಿದ್ದೆ ಅಂತ ಒಬ್ಬ ನಕ್ಕು ಹೇಳಿದ್ದನ್ನು ಸದ್ದು ನೋಡಿಕೊಂಡು ಇಂಗ್ಲಿಷಿನ "ಮೊಲೆಸ್ಟ್" ಅಂತ ಹಾಕಿದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವಾಗುತ್ತದೆ. ಒಬ್ಬನ ಬದುಕೇ ಹೋಯಿತು. ಇದರ ಮುಂದೆ ಯಾವ ದುಡ್ಡು ದಂಡ, ಹೇಳಿ?

ಇನ್ನೊಬ್ಬರ ಕಾಮೆಂಟ್: "ಕರ್ನಾಟಕಕ್ಕೆ ಬಂದವರು ಕನ್ನಡ ಕಲಿಯಲಿ ಅನ್ನುತ್ತೇವೆ, ಅಮೆರಿಕಕ್ಕೆ ಬಂದವರು ಇಂಗ್ಲಿಷ್ ಕಲಿಯಲಿ." ಕಲಿಯಲಿ ಸ್ವಾಮಿ! ನಾನೂ ಅದನ್ನೇ ಹೇಳುತ್ತೇನೆ, ಸಂಜೆ ಕ್ಲಾಸಿಗೆ ಸೇರಿಸುತ್ತೇನೆ. ಆದರೆ ಸೋಮವಾರ ಶಿಕ್ಷೆಯಾಗುತ್ತದೆ, ಮಂಗಳವಾರ ನನ್ನ ಮುಂದೆ ಬಂದು ಕೂರುತ್ತಾನೆ. ಒಂದು ರಾತ್ರಿಯಲ್ಲಿ ಕಲಿತುಬಿಡುತ್ತಾನಾ? ಬಂದವರು ಅಂತೀರಲ್ಲ, ಸ್ಪ್ಯಾನಿಷ್ ಆಡುವ ಪೋರ್ಟೊ ರಿಕೊ ದ್ವೀಪದ ಜನ 1917ರಿಂದ ಅಮೆರಿಕದ ಪ್ರಜೆಗಳು. ಕ್ಯಾಲಿಫೋರ್ನಿಯಾ, ನ್ಯೂ ಮೆಕ್ಸಿಕೊ 1848ರ ತನಕ ಮೆಕ್ಸಿಕೊ. ಮನೆಯಲ್ಲಿ ಸ್ಪ್ಯಾನಿಷ್ ಆಡುವವರು ಈ ದೇಶದಲ್ಲಿ 4 ಕೋಟಿಗೂ ಜಾಸ್ತಿ. ಮತ್ತೆ, ನಮ್ಮೂರ ಬ್ಯಾಂಕಿನಲ್ಲಿ ಕನ್ನಡದಲ್ಲಿ ಮಾತಾಡಿ ಅಂತ ಜಗಳ ಮಾಡುವವರು ನಾವೇ ಅಲ್ವಾ? ಪಾಸ್‌ಬುಕ್‌ಗೆ ಅಷ್ಟು ಜಗಳ ಮಾಡುವವರು, ಜೈಲಿಗೆ ಹೋಗುವ ವಿಷಯದಲ್ಲಿ ಫೋನ್ ಸಾಕು ಅಂತೀರಾ?

2025ರ ಮಾರ್ಚಿನಲ್ಲಿ ಅಧ್ಯಕ್ಷರು ಇಂಗ್ಲಿಷನ್ನು ಅಧಿಕೃತ ಭಾಷೆ ಮಾಡಿದರಲ್ಲ ಅಂತ ಯಾರೋ ಕೇಳಿದ್ದಾರೆ. ಹೌದು, ಮಾಡಿದರು. ಇಂಗ್ಲಿಷ್ ಬಾರದವರಿಗೆ ಸೇವೆ ತಲುಪಿಸಿ ಎಂದಿದ್ದ 2000ದ ಆದೇಶವನ್ನೂ ತೆಗೆದರು. ಆದರೆ ಮೂಲ ದೇಶ ನೋಡಿ ಭೇದ ಮಾಡಬಾರದು ಅನ್ನುವ 1964ರ ನಾಗರಿಕ ಹಕ್ಕು ಕಾಯ್ದೆ ಇನ್ನೂ ಇದೆ. ಕಾಯ್ದೆ ಬಿಡಿ. ಆದೇಶ ಬಂದ ಮಾರನೇ ದಿನ ನನ್ನ ಎದುರು ಕೂತವನಿಗೆ ಇಂಗ್ಲಿಷ್ ಬಂದುಬಿಟ್ಟಿತಾ? ಅರ್ಥವಾಗದ ಷರತ್ತನ್ನು ಅವತ್ತೂ ಪಾಲಿಸಲಾರ, ಇವತ್ತೂ ಪಾಲಿಸಲಾರ!

ಈ ಪ್ರೊಬೇಷನ್ ಹುಟ್ಟಿದ್ದೇ ಮಾತಿನಿಂದ. 1841ರಲ್ಲಿ ಬಾಸ್ಟನ್ ನಗರದಲ್ಲಿ ಜಾನ್ ಅಗಸ್ಟಸ್ ಅಂತ ಒಬ್ಬ ಬೂಟು ಮಾಡುವವನಿದ್ದ. ಕೋರ್ಟಿನಲ್ಲಿ ಒಬ್ಬ ಕುಡುಕನನ್ನು ಕಂಡ. ಹತ್ತಿರ ಹೋಗಿ ಮಾತಾಡಿಸಿದ. ಇನ್ನು ಕುಡಿಯುವುದಿಲ್ಲ ಅಂತ ಅವನು ಹೇಳಿದ್ದನ್ನು ನಂಬಿ ಜಾಮೀನು ನಿಂತ. ಮೂರು ವಾರ ಬಿಟ್ಟು ಕರೆದುಕೊಂಡು ಬಂದಾಗ ಆಳೇ ಬದಲಾಗಿದ್ದ. ಜಡ್ಜ್ ಹಾಕಿದ್ದು 1 ಸೆಂಟ್ ದಂಡ ಮತ್ತು ಕೋರ್ಟಿನ ಖರ್ಚು. ಮಾತಾಡಿಸಿದ್ದಕ್ಕೇ ತಾನೇ ಅದು ಆದದ್ದು?

ಮಾತು ಅಂದರೆ ಪದ ಮಾತ್ರ ಅಲ್ಲ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ "ಯೂ". ಸ್ಪ್ಯಾನಿಷಿನಲ್ಲಿ ನಮ್ಮ ಹಾಗೆ ನೀನು ಬೇರೆ, ನೀವು ಬೇರೆ. "ತೂ" ಅಂದರೆ ನೀನು, "ಉಸ್ತೆದ್" ಅಂದರೆ ನೀವು. ಅರವತ್ತು ದಾಟಿದ ಒಬ್ಬ ಅಜ್ಜ ಎಂಟು ವರ್ಷ ಜೈಲಿನಲ್ಲಿದ್ದು ಪೆರೋಲ್ ಮೇಲೆ ಬಂದ. ಮೊದಲ ದಿನ "ಕೂತುಕೊಳ್ಳಿ, ಕಾಫಿ ಆಯಿತಾ ನಿಮ್ಮದು" ಅಂತ ಉಸ್ತೆದ್ ಹಾಕಿ ಕೇಳಿದೆ. ಅಜ್ಜ ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ ಒಂದು ದಿನವೂ ತಪ್ಪಿಸಿಲ್ಲ. ಇದು ಹಾಸನದಲ್ಲಿ ಅಜ್ಜನ ಮುಂದೆ ಬೆಳೆದವಳಿಗೆ ಹೇಳಿಕೊಡಬೇಕಾಗಿಲ್ಲ. ಫೋನಿಗೆ ಯಾರು ಹೇಳಿಕೊಡುತ್ತಾರೆ?

ಭಾಷೆ ಬಂದರೆ ಅದು ಎಲ್ಲಿ ಮುಗಿಯುತ್ತದೆ ಅನ್ನುವುದೂ ಗೊತ್ತಾಗುತ್ತದೆ. ಗ್ವಾಟೆಮಾಲಾದ ಬೆಟ್ಟದ ಕಡೆಯಿಂದ ಬಂದವರಲ್ಲಿ ಎಷ್ಟೋ ಜನರ ಮನೆಮಾತು ಸ್ಪ್ಯಾನಿಷ್ ಅಲ್ಲವೇ ಅಲ್ಲ. ಮಾಮ್, ಕಿಚೆ, ಹೀಗೆ ಮಾಯಾ ಭಾಷೆಗಳು. ಏನು ಕೇಳಿದರೂ "ಸಿ, ಸಿ", ಹೌದು ಹೌದು ಅಂತ ತಲೆ ಆಡಿಸುತ್ತಾರೆ. ನಾನು ನಿಲ್ಲಿಸಿ, ನಾನು ಹೇಳಿದ್ದನ್ನು ನೀವೇ ಒಮ್ಮೆ ಹೇಳಿ ಅನ್ನುತ್ತೇನೆ. ಬಾಯಿ ಕಟ್ಟುತ್ತದೆ. ಆಗ ಮಾಮ್ ಬರುವ ಇಂಟರ್‌ಪ್ರಿಟರ್‌ಗೆ ಫೋನ್ ಹಚ್ಚುತ್ತೇನೆ. ಆ ತಲೆ ಆಡಿಸುವುದನ್ನು ಒಪ್ಪಿಗೆ ಅಂತ ಬರೆದುಕೊಂಡರೆ ಮುಗಿಯಿತು ಕಥೆ.

ಅವರ ಮಕ್ಕಳೇ ಅನುವಾದ ಮಾಡಿ ಹೇಳುತ್ತಾರಲ್ಲ ಅಂತ ಮಾತ್ರ ಬರೆಯಬೇಡಿ. ಬರೆಯಲೇಬೇಡಿ! ಅಪ್ಪ ಮತ್ತೆ ಕುಡಿದನಾ ಅಂತ ಹತ್ತು ವರ್ಷದ ಮಗುವಿನ ಬಾಯಲ್ಲಿ ಅಪ್ಪನನ್ನೇ ಕೇಳಿಸುತ್ತೀರಾ? ನನಗೆ ಇದರ ಬಗ್ಗೆ ವಾದವೇ ಬೇಡ.

ದುಡ್ಡಿನ ವಿಷಯವೂ ಅಷ್ಟೇ. ದಂಡ ಕಟ್ಟಲು ಕೈಲಾಗದವನನ್ನು ವಿಚಾರಿಸದೆ ಜೈಲಿಗೆ ಹಾಕಬಾರದು ಅಂತ ಇಲ್ಲಿನ ಸುಪ್ರೀಂ ಕೋರ್ಟ್ 1983ರಲ್ಲೇ ಹೇಳಿದೆ. ಕೈಲಾಗುತ್ತಿಲ್ಲ ಅಂತ ಹೇಳಲು ಅವನಿಗೆ ಬಾಯಿ ಬೇಕಲ್ಲ!

ಇಷ್ಟಾದರೂ ಯಾರಾದರೂ ಬಂದು ಎಐ ಬಂದಿದೆ ಮೇಡಂ ಅಂತಾರೆ, ಗೊತ್ತು. ಬರಲಿ. ನಿಮ್ಮ ಮಗನಿಗೆ ಶಿಕ್ಷೆಯಾಗಿ, ಅವನಿಗೆ ಕನ್ನಡ ಬಿಟ್ಟು ಬೇರೆ ಬಾರದೆ, ಎದುರಿಗಿದ್ದವರು ಫೋನ್ ತಿರುಗಿಸಿ ತೋರಿಸಿದರೆ ನಿಮಗೆ ಸಾಕಾ? ಸಾಕು ಅನ್ನುವವರು ಕಾಮೆಂಟಿನಲ್ಲಿ ಸಾಕು ಅಂತ ಬರೆಯಿರಿ. ನಾನು ಕಾಯುತ್ತೇನೆ. ಒಬ್ಬರೂ ಬರೆಯುವುದಿಲ್ಲ.

ದನಿ ಜೋರಾಯಿತು, ಆಗಲಿ. ಸಬ್‌ಸ್ಕ್ರೈಬ್ ಮಾಡಿಲ್ಲದಿದ್ದರೆ ಮಾಡಿ. ಅಮೆರಿಕದಲ್ಲಿ ಓದುತ್ತಿರುವ ನಿಮ್ಮ ಮಕ್ಕಳಲ್ಲಿ ಯಾರಿಗಾದರೂ ಸ್ಪ್ಯಾನಿಷ್ ಬಂದು, ಈ ಕೆಲಸದ ಮೇಲೆ ಮನಸ್ಸಿದ್ದರೆ ನನಗೆ ಬರೆಯಿರಿ, ಅರ್ಜಿ ಹೇಗೆ ಹಾಕುವುದು ಅಂತ ಹೇಳುತ್ತೇನೆ. ಬುಧವಾರ ಲೈವ್ ಇದೆ, ಆ ಕಾಮೆಂಟ್ ಹಾಕಿದವರೂ ಬನ್ನಿ. ಈಗ ಹೊರಟೆ. ನಾಳೆ ಬೆಳಿಗ್ಗೆ ಎಂಟಕ್ಕೆ ಛಾವಣಿ ಕೆಲಸದವನು ಬರುತ್ತಾನೆ. ಪಕ್ಕದ ರಾಜ್ಯದಲ್ಲಿ ಎರಡು ದಿನದ ಕೆಲಸ ಸಿಕ್ಕಿದೆಯಂತೆ. ಈ ಸಲ ಹೋಗುವ ಮುಂಚೆಯೇ ಕೇಳಿದ್ದಾನೆ.