ಐಲ್ ರಾಯಲ್ ದ್ವೀಪದ ಮೂಸ್‌ಗಳು: ಮೂಳೆಗಳಲ್ಲಿ ಉಳಿದ ಹಸಿವಿನ ದಾಖಲೆ

ಆತ್ಮೀಯರೇ,

ಉತ್ತರ ಅಮೆರಿಕದ ಸುಪೀರಿಯರ್ ಸರೋವರದ ನಡುವೆ, ಸುಮಾರು 540 ಚದರ ಕಿಲೋಮೀಟರ್ ವಿಸ್ತಾರದ ಐಲ್ ರಾಯಲ್ ಎಂಬ ದ್ವೀಪವಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿ ಮೂಸ್‌ಗಳು ನೆಲೆಯೂರಿದವು. ನಮ್ಮ ಕಡವೆಯಂತೆಯೇ ಜಿಂಕೆಯ ಕುಟುಂಬಕ್ಕೆ ಸೇರಿದ, ಆ ಕುಟುಂಬದಲ್ಲೇ ಅತ್ಯಂತ ದೊಡ್ಡದಾದ ಪ್ರಾಣಿ ಇದು. 1940ರ ದಶಕದ ಕೊನೆಯಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ನಡೆದು ತೋಳಗಳು ಬಂದವು. ಬಂಡೀಪುರದಲ್ಲಿ ಹುಲಿ, ಚಿರತೆ, ಸೀಳುನಾಯಿಗಳು ಹಲವು ಬಗೆಯ ಬೇಟೆಪ್ರಾಣಿಗಳನ್ನು ಹಂಚಿಕೊಂಡು ಬದುಕುತ್ತವೆ. ಇಲ್ಲಿಯಾದರೋ ಮೂಸ್‌ಗೆ ತೋಳವೊಂದೇ ಶತ್ರು, ತೋಳಕ್ಕೆ ಮೂಸ್ ಪ್ರಧಾನ ಆಹಾರ. ಈ ಸರಳತೆಯ ಕಾರಣದಿಂದಲೇ ಪರ್ಡ್ಯೂ ವಿಶ್ವವಿದ್ಯಾಲಯದ ಡರ್ವರ್ಡ್ ಆಲೆನ್ 1958ರಲ್ಲಿ ಅಲ್ಲಿ ಅಧ್ಯಯನ ಆರಂಭಿಸಿದರು. ಅದು ಈಗಲೂ ನಡೆಯುತ್ತಿದೆ.

ತೋಳಗಳು ಮೂಸ್‌ಗಳ ಸಂಖ್ಯೆಯನ್ನು ಹದದಲ್ಲಿಡುತ್ತವೆ ಎಂಬ ಆರಂಭದ ವರ್ಷಗಳ ನಿರೀಕ್ಷೆ ಹೆಚ್ಚು ಕಾಲ ನಿಲ್ಲಲಿಲ್ಲ. 1980ರಲ್ಲಿ 50 ಇದ್ದ ತೋಳಗಳು 1982ರ ಹೊತ್ತಿಗೆ 14ಕ್ಕೆ ಇಳಿದವು. ನಾಯಿಗಳಿಗೆ ತಗಲುವ ಪಾರ್ವೊ ವೈರಸ್ ದ್ವೀಪವನ್ನು ತಲುಪಿತ್ತು. ಮುಂದೆ ಮೂಸ್‌ಗಳು ಬೆಳೆಯುತ್ತಾ ಹೋಗಿ 1995ರಲ್ಲಿ ಸುಮಾರು 2,400 ಮುಟ್ಟಿದವು. ಮರುವರ್ಷದ ಕಡು ಚಳಿ, ಆಳವಾದ ಹಿಮ, ಮೇವಿನ ಕೊರತೆ ಮತ್ತು ಉಣುಗುಗಳ ಕಾಟ ಒಟ್ಟಾಗಿ 1997ರ ಹೊತ್ತಿಗೆ ಆ ಸಂಖ್ಯೆಯನ್ನು ಸುಮಾರು 500ಕ್ಕೆ ಇಳಿಸಿದವು. ಯಾವುದೇ ಐದು ವರ್ಷಗಳ ಅಂಕಿಗಳನ್ನಷ್ಟೇ ತೆಗೆದುಕೊಂಡು ಪ್ರಬಂಧ ಬರೆದಿದ್ದರೆ, ಮುಂದಿನ ಐದು ವರ್ಷಗಳು ಅದನ್ನು ಅಲ್ಲಗಳೆಯುತ್ತಿದ್ದವು.

ಆದರೆ ಈ ಅಧ್ಯಯನದ ನಿಜವಾದ ಸಂಪತ್ತು ಇರುವುದು ಎಣಿಕೆಯಲ್ಲಿ ಅಲ್ಲ, ಮೂಳೆಗಳಲ್ಲಿ ಎಂದು ನಾನು ಭಾವಿಸುತ್ತೇನೆ. 1970ರಲ್ಲಿ ಇಲ್ಲಿಗೆ ಬಂದ ರಾಲ್ಫ್ ಪೀಟರ್ಸನ್ ಮತ್ತು ಅವರ ಸಂಗಡಿಗರು, ಅನೇಕ ಸ್ವಯಂಸೇವಕರ ನೆರವಿನಿಂದ, ಸತ್ತ ಸಾವಿರಾರು ಮೂಸ್‌ಗಳ ಅವಶೇಷಗಳನ್ನು ಕಾಡಿನಲ್ಲಿ ಹುಡುಕಿ ಸಂಗ್ರಹಿಸಿದರು. ಹಲ್ಲನ್ನು ಕೊಯ್ದು ಅದರ ಪದರಗಳನ್ನು ಎಣಿಸಿದರೆ ಪ್ರಾಣಿ ಸತ್ತಾಗಿನ ವಯಸ್ಸು ತಿಳಿಯುತ್ತದೆ. ಹಿಂಗಾಲಿನ ಪಾದದ ಉದ್ದ ಮೂಳೆ ಗಿಡ್ಡವಾಗಿದ್ದರೆ ಆ ಪ್ರಾಣಿ ತಾಯಿಯ ಗರ್ಭದಲ್ಲೋ ಎಳೆತನದಲ್ಲೋ ಸರಿಯಾದ ಪೋಷಣೆ ಪಡೆಯಲಿಲ್ಲವೆಂದು ತಿಳಿಯುತ್ತದೆ. ಅಂಥ ಗಿಡ್ಡ ಮೂಳೆಯ ಪ್ರಾಣಿಗಳೇ ವಯಸ್ಸಾದಾಗ ಕೀಲುಗಳು ಸವೆದು ಸಂಧಿವಾತಕ್ಕೆ ಹೆಚ್ಚಾಗಿ ತುತ್ತಾಗಿದ್ದವು ಎಂಬುದನ್ನು 2010ರಲ್ಲಿ ಪೀಟರ್ಸನ್ ತಂಡ ಪ್ರಕಟಿಸಿತು. ಸೊಂಟದ ಕೀಲು ಸವೆದ ಮೂಸ್ ತೋಳಗಳಿಗೆ ಸುಲಭವಾಗಿ ಸಿಗುತ್ತದೆ. ಅಂದರೆ ಹತ್ತು ವರ್ಷಗಳ ಹಿಂದೆ ತಾಯಿಗೆ ಮೇವು ಸಿಗದೇ ಹೋದದ್ದು ಇಂದು ಮಗುವಿನ ಸಾವಿಗೆ ಕಾರಣವಾಗಬಲ್ಲದು. ಕೊಂದದ್ದು ತೋಳ ಎಂದು ಬರೆದು ಮುಗಿಸುವ ಸಂಶೋಧಕನಿಗೆ ಸತ್ಯದ ಈ ಇನ್ನರ್ಧ ಕಾಣುವುದೇ ಇಲ್ಲ.

ಮೇವಿನ ಮಾತು ಹೀಗೆ ಮುಖ್ಯವಾಗುತ್ತದೆ. ಚಳಿಗಾಲದಲ್ಲಿ ಮೂಸ್ ಬದುಕುವುದು ಬಹುಮಟ್ಟಿಗೆ ಬಾಲ್ಸಮ್ ಫರ್ ಎಂಬ ಸೂಜಿಯೆಲೆಯ ಮರದ ಎಳೆ ಕೊಂಬೆಗಳನ್ನು ತಿಂದು. ಈ ಮರಗಳ ಕಾಂಡದ ವಾರ್ಷಿಕ ಉಂಗುರಗಳನ್ನು ಅಳೆದಾಗ, ಮೂಸ್‌ಗಳು ಹೆಚ್ಚಿದ್ದ ಕಾಲದಲ್ಲಿ ಉಂಗುರಗಳು ಕಿರಿದಾಗಿಯೂ ತೋಳಗಳು ಮೂಸ್‌ಗಳನ್ನು ತಗ್ಗಿಸಿದ ಕಾಲದಲ್ಲಿ ಅಗಲವಾಗಿಯೂ ಇದ್ದುದು ಕಂಡುಬಂತು. ಬೇಸಿಗೆಯಲ್ಲಿ ಮೂಸ್‌ಗಳು ಕೊಳಗಳಿಗಿಳಿದು ಜಲಸಸ್ಯಗಳನ್ನು ಮೇಯುವುದಕ್ಕೂ ಕಾರಣವಿದೆ: ನೆಲದ ಸೊಪ್ಪಿನಲ್ಲಿ ತೀರಾ ಕಡಿಮೆಯಿರುವ ಸೋಡಿಯಂ ಅವುಗಳಲ್ಲಿ ಹೇರಳವಾಗಿದೆ.

ಸರೋವರ ಹೆಪ್ಪುಗಟ್ಟುವುದು ಅಪರೂಪವಾದಂತೆ ಹೊರಗಿನ ತೋಳಗಳು ಬರುವುದೂ ನಿಂತುಹೋಗಿ, ಹತ್ತಿರದ ರಕ್ತಸಂಬಂಧಿಗಳ ನಡುವಿನ ಸಂತಾನದಿಂದ ಕುಗ್ಗಿದ ತೋಳಗಳು 2018ರ ವೇಳೆಗೆ ಎರಡೇ ಉಳಿದಿದ್ದವು. ಮೂಸ್‌ಗಳು ಮತ್ತೆ 2,000 ದಾಟಿದವು. ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆಯು 2018 ಮತ್ತು 2019ರಲ್ಲಿ 19 ತೋಳಗಳನ್ನು ತಂದು ಬಿಟ್ಟಿತು. 2023ರ ಹೊತ್ತಿಗೆ ಮೂಸ್‌ಗಳ ಅಂದಾಜು ಸಾವಿರದೊಳಗೆ ಬಂದಿದೆ. ಮನುಷ್ಯ ಹೀಗೆ ಕೈಹಾಕಬೇಕಿತ್ತೇ ಎಂಬ ಚರ್ಚೆ ಅಲ್ಲಿ ತೀವ್ರವಾಗಿಯೇ ನಡೆಯಿತು. ಫರ್ ಕಾಡು ನಶಿಸುವುದನ್ನು ನೋಡುತ್ತಾ ಕೂರುವುದಕ್ಕಿಂತ ಇದು ಮೇಲು ಎಂಬುದು ನನ್ನ ಅಭಿಪ್ರಾಯ.

ಮೂಸ್‌ಗಳು ಕಿಕ್ಕಿರಿದಿದ್ದ 2019ರ ಸುಮಾರಿನಲ್ಲಿ ಹುಟ್ಟಿದ ಮರಿಗಳಲ್ಲಿ ಬದುಕುಳಿದವು 2030ರ ದಶಕದ ಆರಂಭದಲ್ಲಿ ಮುಪ್ಪಿಗೆ ಕಾಲಿಡುತ್ತವೆ. ಅವುಗಳ ಕೀಲುಗಳೂ ಬೇಗ ಸವೆದಿರುತ್ತವೆಯೇ ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ, ಆಗಲೂ ಯಾರಾದರೂ ಆ ಕಾಡಿನಲ್ಲಿ ಮೂಳೆಗಳನ್ನು ಹುಡುಕುತ್ತಿರಬೇಕು.