ಕತ್ತಲೆಕಾನಿನ ಗೇರುಮರ

ಕೇಳುಗರೆಲ್ಲರಿಗೂ ನಮಸ್ಕಾರ.

ಹೊನ್ನಾವರದಿಂದ ಜೋಗದ ಕಡೆಗೆ ಘಟ್ಟ ಹತ್ತುವ ಹೆದ್ದಾರಿಯ ಮಗ್ಗುಲಲ್ಲೇ, ಸಿದ್ದಾಪುರ ತಾಲೂಕಿನಲ್ಲಿ, ಕತ್ತಲೆಕಾನು ಎಂಬ ನಿತ್ಯಹರಿದ್ವರ್ಣ ಕಾಡಿದೆ. ಅದರ ತಗ್ಗುಗಳಲ್ಲಿ ವರ್ಷವಿಡೀ ನೀರು ಜಿನುಗುವ ರಾಮಪತ್ರೆ ಜಡ್ಡಿಗಳು, ಅಂದರೆ ಜಾಯಿಕಾಯಿಯ ಬಂಧುಗಳಾದ ಮರಗಳು ಬೆಳೆಯುವ ಜೌಗುಗಳು ಇದ್ದು, ಅಲ್ಲಿನ ಕೆಲವು ಮರಗಳ ಬೇರುಗಳು ಗಾಳಿಗಾಗಿ ಕೆಸರಿನಿಂದ ಮೇಲೆದ್ದು, ಮಡಿಸಿದ ಮೊಣಕಾಲಿನಂತೆ ಬಾಗಿ, ಮತ್ತೆ ಕೆಸರಿಗೇ ಇಳಿಯುತ್ತವೆ. ಇಂಥ ಜಡ್ಡಿಯಲ್ಲಿ ಕಂಡ, ಗೇರಿನ ಕುಟುಂಬಕ್ಕೆ ಸೇರಿದ ಒಂದು ಮರವನ್ನು ದಾಸಪ್ಪ ಮತ್ತು ಎಂ. ಎಚ್. ಸ್ವಾಮಿನಾಥ್ ಅವರು 2000ದಲ್ಲಿ 'ಇಂಡಿಯನ್ ಫಾರೆಸ್ಟರ್' ಪತ್ರಿಕೆಯಲ್ಲಿ ಹೊಸ ಪ್ರಭೇದವೆಂದು ವರ್ಣಿಸಿ, ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಿಸಿದರು.

ಬ್ರಿಟಿಷರ ಕಾಲದಲ್ಲೇ ಅರಣ್ಯಾಧಿಕಾರಿ ಟಾಲ್ಬಟ್ ಉತ್ತರ ಕನ್ನಡದ ಮರಗಳನ್ನು ಶ್ರದ್ಧೆಯಿಂದ ದಾಖಲಿಸಿದ್ದರು. ಹಾಗಿದ್ದೂ ಇಷ್ಟು ದೊಡ್ಡ ಮರವೊಂದು ವಿಜ್ಞಾನದ ಲೆಕ್ಕಕ್ಕೆ ಸಿಗದೆ ಉಳಿದದ್ದು ಹೇಗೆ? ಎಲೆಯೊಂದನ್ನೇ ನೋಡಿ ಈ ಕುಲದ ಮರಗಳನ್ನು ಬೇರ್ಪಡಿಸುವುದು ಕಷ್ಟ. ಹೂವೂ ಕಾಯಿಯೂ ಬೇಕು. ಈ ಪ್ರಭೇದದಲ್ಲಿ ಗಂಡು ಹೂವು ಒಂದು ಮರದಲ್ಲಿ, ಹೆಣ್ಣು ಹೂವು ಇನ್ನೊಂದರಲ್ಲಿ. ಗಂಡು ಮರದ ರೆಂಬೆಯೊಂದೇ ಕೈಗೆ ಸಿಕ್ಕರೆ ವರ್ಣನೆ ಅರ್ಧಕ್ಕೇ ನಿಲ್ಲುತ್ತದೆ. ಸಾಲದ್ದಕ್ಕೆ, ಗೇರಿನ ಬಂಧುಗಳ ಸೊನೆ ಗಾಳಿ ತಾಗಿದೊಡನೆ ಕಪ್ಪಾಗುತ್ತದೆ, ಚರ್ಮಕ್ಕೆ ತಗುಲಿದರೆ ಬೊಕ್ಕೆ ಏಳಿಸುತ್ತದೆ. ಆದ್ದರಿಂದ ರೆಂಬೆ ಕತ್ತರಿಸಿ, ಕಾಗದದ ನಡುವೆ ಒತ್ತಿ ಒಣಗಿಸುವಾಗ ವಿಶೇಷ ಎಚ್ಚರಿಕೆ ಬೇಕು.

ಹೀಗೆ ಒಣಗಿಸಿದ ಮಾದರಿಯನ್ನು ಸಸ್ಯಸಂಗ್ರಹಾಲಯಗಳಲ್ಲಿರುವ ಹಳೆಯ ಮಾದರಿಗಳ ಪಕ್ಕದಲ್ಲಿಟ್ಟು, ಎಸಳು, ಕೇಸರ, ಅಂಡಾಶಯ, ಕಾಯಿಯ ತೊಟ್ಟು ಎಲ್ಲವನ್ನೂ ಹೋಲಿಸಿ, ಈಗಾಗಲೇ ಹೆಸರು ಪಡೆದ ಯಾವ ಪ್ರಭೇದಕ್ಕೂ ಅದು ಸೇರುವುದಿಲ್ಲವೆಂದು ತೋರಿಸಬೇಕು. ನನ್ನ ದೃಷ್ಟಿಯಲ್ಲಿ ಕಾಡಿನ ಅಲೆದಾಟಕ್ಕಿಂತ ತಾಳ್ಮೆ ಬೇಡುವ ಕೆಲಸ ಇದೇ. ಬಳಿಕ ಒಂದು ಮಾದರಿಯನ್ನು ಆ ಹೆಸರಿನ ಶಾಶ್ವತ ಆಧಾರವೆಂದು ಗೊತ್ತುಪಡಿಸಿ ಸಂಗ್ರಹಾಲಯದಲ್ಲಿಡಬೇಕು. 2011ರ ಕೊನೆಯವರೆಗೂ ಹೊಸ ಸಸ್ಯದ ವರ್ಣನೆ ಲ್ಯಾಟಿನ್ ಭಾಷೆಯಲ್ಲಿರುವುದು ಕಡ್ಡಾಯವಾಗಿತ್ತು. 2012ರಿಂದ ಇಂಗ್ಲಿಷಿನಲ್ಲಿ ಬರೆದರೂ ಸಲ್ಲುತ್ತದೆ.

ಹೆಸರಿಲ್ಲದ ಮರವನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಲಾಗದು, ಅದರ ಪರವಾಗಿ ಅರ್ಜಿ ಹಾಕಲೂ ಆಗದು. ಹೆಸರು ಬಂದ ಮೇಲೆಯೇ ಇದು ಉತ್ತರ ಕನ್ನಡದ ಕೆಲವೇ ಜಡ್ಡಿಗಳಿಗೆ ಸೀಮಿತವಾದ ಅಪರೂಪದ ಮರವೆಂಬುದು ಸ್ಪಷ್ಟವಾಯಿತು. ಶಿರಸಿಯ ಅರಣ್ಯ ಮಹಾವಿದ್ಯಾಲಯದ ಸಂಶೋಧಕರು ಅದರ ಸಸಿಗಳನ್ನು ಬೆಳೆಸಿ ಜಡ್ಡಿಗಳಲ್ಲಿ ನೆಡುವ ಕೆಲಸಕ್ಕೆ ಕೈಹಾಕಿದರು. ಆದರೆ ಅಡಿಕೆ ತೋಟಕ್ಕೂ ಬೇಕಾಗುವುದು ಇದೇ ತಗ್ಗು, ಇದೇ ನೀರು. ಹಳ್ಳದ ನೀರನ್ನು ಬೇರೆಡೆ ತಿರುಗಿಸಿದ ಜಡ್ಡಿಯಲ್ಲಿ ಎಷ್ಟು ಸಸಿ ನೆಟ್ಟರೂ ಪ್ರಯೋಜನವಿಲ್ಲ. ಗಂಡು ಮರ ಹತ್ತಿರದಲ್ಲಿ ಉಳಿಯದಿದ್ದರೆ, ಉಳಿದ ಹೆಣ್ಣು ಮರವೂ ಕಾಯಿ ಕಟ್ಟುವುದಿಲ್ಲ.