ಬೇರೆ ಹೆಸರಿನಲ್ಲಿ ಬರುವ ಆತಂಕ

ಕೇಳುಗರೆಲ್ಲರಿಗೂ ನಮಸ್ಕಾರ.

ಎರಡು ವರ್ಷದ ಹಿಂದೆ ಹಲ್ಲುನೋವೆಂದು ದಂತವೈದ್ಯರ ಬಳಿ ಹೋಗಿದ್ದೆ. ಹುಳುಕು ಇರಲಿಲ್ಲ, ದವಡೆ ಹಲ್ಲುಗಳು ಸವೆದು ಚಪ್ಪಟೆಯಾಗಿದ್ದವು. "ರಾತ್ರಿ ಹಲ್ಲು ಕಡಿಯುತ್ತೀರಾ? ಮನಸ್ಸಿಗೆ ಏನಾದರೂ ಚಿಂತೆಯೇ?" ಎಂದು ಕೇಳಿದರು. "ಏನೂ ಇಲ್ಲ ಡಾಕ್ಟರೇ, ಆರಾಮವಾಗಿದ್ದೇನೆ" ಎಂದೆ. ಸುಳ್ಳು ಹೇಳಿದ್ದಲ್ಲ, ನನಗೆ ನಿಜಕ್ಕೂ ಹಾಗೆಯೇ ಅನ್ನಿಸಿತ್ತು.

ಆದರೆ ಆ ದಿನಗಳಲ್ಲಿ ನಾನು ಇದ್ದದ್ದು ಹೇಗೆ? ಬೀಗ ಹಾಕಿ ಬಸ್ ನಿಲ್ದಾಣ ಮುಟ್ಟಿದವಳು, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮನೆಗೆ ಮರಳುತ್ತಿದ್ದೆ. ಹೊತ್ತಲ್ಲದ ಹೊತ್ತಿನಲ್ಲಿ ಅಮ್ಮನ ಫೋನ್ ಬಂದರೆ ಎತ್ತುವ ಮೊದಲೇ ಕೈ ತಣ್ಣಗಾಗುತ್ತಿತ್ತು. ಬೆಳಗಿನ ಜಾವ ಮೂರಕ್ಕೆ ಎಚ್ಚರ. ಒಂದಕ್ಕೆ ಜವಾಬ್ದಾರಿ ಎಂದೆ, ಇನ್ನೊಂದಕ್ಕೆ ಅಕ್ಕರೆ ಎಂದೆ, ಮತ್ತೊಂದಕ್ಕೆ ವಯಸ್ಸು ಎಂದೆ. ಹೊಟ್ಟೆ ತೊಳಸಿದರಂತೂ ಹೆಸರು ಹುಡುಕಬೇಕಾಗಿಯೇ ಇರಲಿಲ್ಲ, ಗ್ಯಾಸ್ಟ್ರಿಕ್! ಈ ಒಂದು ಪದದ ಕೆಳಗೆ ನಮ್ಮ ಮನೆಗಳಲ್ಲಿ ಎಷ್ಟು ಕಳವಳ ಅಡಗಿ ಕೂತಿದೆಯೋ.

ಅಪಾಯವೆಂದು ಮಿದುಳಿಗೆ ಅನ್ನಿಸಿದರೆ ಸಾಕು, ಅಡ್ರಿನಲಿನ್ ಎಂಬ ಹಾರ್ಮೋನು ಸ್ರವಿಸುತ್ತದೆ. ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಜೀರ್ಣಕ್ರಿಯೆ ತಡವಾಗುತ್ತದೆ. ಕಾಲ ಬಳಿ ಹಾವು ಕಂಡಾಗ ಇದು ಬೇಕಾದದ್ದೇ. ಮಗಳ ಶಾಲೆಯ ಶುಲ್ಕ ನೆನೆದಾಗಲೂ ದೇಹ ಇದನ್ನೇ ಮಾಡುತ್ತದೆ. ದಿನವೂ ಹೀಗಾದರೆ ಬಿಗಿತವೇ ರೂಢಿಯಾಗಿಬಿಡುತ್ತದೆ, ಬಿಗಿದುಕೊಂಡಿದ್ದೇವೆ ಎಂಬುದೇ ತಿಳಿಯುವುದಿಲ್ಲ.

ಈಗಲೇ ನೋಡಿಕೊಳ್ಳಿ. ಭುಜ ಕಿವಿಯ ಕಡೆಗೆ ಏರಿದೆಯೇ? ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಿದೆಯೇ? ಬಾಯಿ ಮುಚ್ಚಿ ಸುಮ್ಮನೆ ಕೂತಾಗ ಅವುಗಳ ನಡುವೆ ಸಣ್ಣ ಸಂದು ಇರಬೇಕು. ನನಗೆ ಇದು ಗೊತ್ತಾದದ್ದೇ ಆ ದಿನ.

ಎದೆನೋವು ಬಂದರೆ ಮನಸ್ಸಿನದೆಂದು ನೀವೇ ತೀರ್ಮಾನಿಸಬೇಡಿ, ಕೂಡಲೇ ವೈದ್ಯರಿಗೆ ತೋರಿಸಿ. ಥೈರಾಯ್ಡ್ ಹೆಚ್ಚಾದರೂ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಪರೀಕ್ಷೆಯಲ್ಲಿ ಏನೂ ಸಿಗದೆ ಸಂಕಟ ಮಾತ್ರ ಉಳಿದಿದ್ದರೆ, ಟೆಲಿ ಮಾನಸ್‌ಗೆ ಕರೆ ಮಾಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ, ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿ ಅದು. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ಸಂಖ್ಯೆ 14416. ಮತ್ತೊಮ್ಮೆ ಹೇಳುತ್ತೇನೆ: ಒಂದು, ನಾಲ್ಕು, ನಾಲ್ಕು, ಒಂದು, ಆರು.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ಫೋನ್ ಬರದ ದಿನ ನನಗೂ ಹೊಟ್ಟೆ ಹೀಗೆಯೇ ತೊಳಸುತ್ತದೆ ಕಣೇ. ಜೀರಿಗೆ ಕಷಾಯ ಕುಡಿದು ಮಲಗಿಬಿಡುತ್ತೇನೆ" ಎಂದಳು.

ನಮಸ್ಕಾರ.